ಗಟ್ಟಿ ಮಗು ಎಂಬ ಹೊಗಳಿಕೆಯ ಹಿಂದೆ: ಗಡಿನಾಡಿನ ಮಕ್ಕಳ ಮನಸ್ಸಿನ ಆರೈಕೆ

ಮನೆಯಲ್ಲಿ ಏನೇ ನಡೆದರೂ ಅಳದ, ಹಟ ಮಾಡದ, ಏನನ್ನೂ ಕೇಳದ ಮಗುವನ್ನು ಕೇರಳದ ಗಡಿ ಜಿಲ್ಲೆಯಾದ ನಮ್ಮ ಕಾಸರಗೋಡಿನ ಕಡೆ ಎಲ್ಲರೂ ಹೊಗಳುತ್ತಾರೆ. "ಅವಳು ಗಟ್ಟಿ. ಅಪ್ಪ ಗಲ್ಫಿಗೆ ಹೊರಟ ದಿನವೂ ಒಂದು ಹನಿ ಕಣ್ಣೀರು ಹಾಕಲಿಲ್ಲ" ಎಂಬ ಮಾತನ್ನು ಬದಿಯಡ್ಕದಿಂದ ಉಪ್ಪಳದವರೆಗೆ ಯಾವ ಮದುವೆ ಮನೆಯಲ್ಲಾದರೂ ಕೇಳಬಹುದು. ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಆ ಮಗು ನಿಜಕ್ಕೂ ನೆಮ್ಮದಿಯಿಂದ ಇರಬಹುದು. ತಾನು ಅತ್ತರೆ ಅಮ್ಮ ಇನ್ನಷ್ಟು ಕುಗ್ಗಿಹೋಗುತ್ತಾಳೆ ಎಂದು ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡಿರಲೂಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಪೆಟ್ಟು ಬಿದ್ದ ಮೇಲೆ ಮತ್ತೆ ಚೇತರಿಸಿಕೊಳ್ಳುವ ಶಕ್ತಿ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ಉಳಿದವರು ಮೆತ್ತಗಿನವರು ಎಂದು ನಾವು ನಂಬಿದ್ದೇವೆ. ಸ್ವಭಾವದ ಪಾಲು ಇದೆ, ಇಲ್ಲವೆನ್ನಲಾಗದು. ಆದರೆ ಈ ನಂಬಿಕೆಯನ್ನು ಬಹುಮಟ್ಟಿಗೆ ಅಲುಗಾಡಿಸಿದ ಒಂದು ಅಧ್ಯಯನವಿದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ಎಂಬ ಸಂಶೋಧಕಿಯರು ಅವರ ನಡುವಯಸ್ಸಿನವರೆಗೂ ಗಮನಿಸುತ್ತ ಬಂದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೆರಿಗೆಯ ತೊಡಕು, ಇಂಥವು ಹಲವಾರು ಒಟ್ಟಾಗಿ ಬಂದೆರಗಿದ ಮಕ್ಕಳಲ್ಲಿಯೂ ಮೂರರಲ್ಲೊಂದು ಪಾಲು ಮಂದಿ ಸಮರ್ಥರಾಗಿ, ಪರರ ಬಗ್ಗೆ ಕಾಳಜಿಯುಳ್ಳವರಾಗಿ ಬೆಳೆದರು. ಇವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡುಬಂದದ್ದು ಒಬ್ಬ ನೆಚ್ಚಬಹುದಾದ ಹಿರಿಯ ವ್ಯಕ್ತಿ. ಅದು ತಾಯಿತಂದೆಯೇ ಆಗಿರಬೇಕೆಂದಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಅಕ್ಕ, ನೆರೆಮನೆಯವರು, ಒಬ್ಬ ಶಿಕ್ಷಕಿ, ಯಾರಾದರೂ ಸಾಕಾಗಿತ್ತು. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಉಳಿದವರಲ್ಲಿಯೂ ಹಲವರು ಮೂವತ್ತು ದಾಟುವಷ್ಟರಲ್ಲಿ ಸರಿದಾರಿಗೆ ಬಂದಿದ್ದರು ಎಂಬುದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಲ್ಲ ಮುಗಿಯಿತು ಎಂದುಕೊಳ್ಳುವ ಹೆತ್ತವರು ನೆನಪಿಟ್ಟುಕೊಳ್ಳಬೇಕು.

ಒಬ್ಬ ಹಿರಿಯರ ಇರವು ಇಷ್ಟು ದೊಡ್ಡ ಕೆಲಸ ಮಾಡುವುದು ಹೇಗೆ? ಉತ್ತರ ದೇಹದಲ್ಲಿಯೇ ಇದೆ. ಭಯವಾದಾಗ ಮಿದುಳು ಅಡ್ರಿನಾಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಬಿಡುಗಡೆ ಮಾಡಿಸುತ್ತದೆ. ಎದೆ ಬಡಿತ ಏರುತ್ತದೆ, ಹೊಟ್ಟೆ ಹಿಡಿದುಕೊಳ್ಳುತ್ತದೆ, ಮೈ ಓಡಲು ಇಲ್ಲವೇ ಕಾದಾಡಲು ಸಜ್ಜಾಗುತ್ತದೆ. ಅಪಾಯ ಕಳೆದ ಮೇಲೆ ಇದು ಇಳಿಯಬೇಕು. ದೊಡ್ಡವರಲ್ಲಿ ಇದನ್ನು ಇಳಿಸುವ ಕೆಲಸದಲ್ಲಿ ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ದೊಡ್ಡ ಪಾಲಿದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹಾಗಾಗಿ ಆರು ವರ್ಷದ ಮಗುವಿಗೆ "ಸಮಾಧಾನ ಮಾಡಿಕೋ" ಎಂದರೆ ಇನ್ನೂ ಬೆಳೆಯದ ಅಂಗದಿಂದ ಕೆಲಸ ಕೇಳಿದಂತೆ. ಅದು ಸಮಾಧಾನವನ್ನು ಪಕ್ಕದಲ್ಲಿರುವ ದೊಡ್ಡವರಿಂದ ಕಡ ಪಡೆಯುತ್ತದೆ. ನಮ್ಮ ದನಿ ತಗ್ಗಿದರೆ, ಉಸಿರು ನಿಧಾನವಾದರೆ, ಕೈ ಬೆನ್ನ ಮೇಲಿದ್ದರೆ ಅದರ ಮೈಯ ಉದ್ವೇಗವೂ ಕ್ರಮೇಣ ಇಳಿಯುತ್ತದೆ. ಸಾವಿರಾರು ಸಲ ಹೀಗೆ ಇಳಿದ ಮೇಲೆ ಮಗು ಅದನ್ನು ತಾನಾಗಿ ಇಳಿಸುವುದನ್ನು ಕಲಿಯುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಎಲ್ಲ ಒತ್ತಡವೂ ಕೆಟ್ಟದ್ದಲ್ಲ. ಶಾಲಾ ಕಲೋತ್ಸವದ ವೇದಿಕೆ ಏರುವ ಮುನ್ನ ಬರುವ ನಡುಕ, ಯಕ್ಷಗಾನ ತರಗತಿಯಲ್ಲಿ ತಾಳ ತಪ್ಪಿ ಮತ್ತೆ ಮೊದಲಿಂದ ಹೆಜ್ಜೆ ಹಾಕಬೇಕಾದ ಮುಜುಗರ, ಇವು ಮಗುವನ್ನು ಬೆಳೆಸುತ್ತವೆ. ಅಜ್ಜನ ಸಾವು, ಮನೆಯೊಳಗೆ ನೀರು ನುಗ್ಗಿದ ಮಳೆಗಾಲದಂಥ ದೊಡ್ಡ ಪೆಟ್ಟುಗಳನ್ನೂ ಜೊತೆಗೆ ಒಬ್ಬರಿದ್ದರೆ ಮಗು ತಾಳಿಕೊಳ್ಳುತ್ತದೆ. ಹೊಡೆತ, ಬೈಗುಳ, ಕುಡಿತ, ನಿರ್ಲಕ್ಷ್ಯ ದಿನವೂ ಮುಂದುವರಿದು, ಹೇಳಿಕೊಳ್ಳಲು ಯಾರೂ ಇಲ್ಲದಿದ್ದಾಗ ಮಾತ್ರ ಒತ್ತಡ ವಿಷವಾಗುತ್ತದೆ. ಎಚ್ಚರಿಕೆಯ ಗಂಟೆ ನಿಲ್ಲದೆ ಬಾರಿಸುತ್ತಲೇ ಇರುವ ಮೈಯಲ್ಲಿ ನಿದ್ದೆ ಕೆಡುತ್ತದೆ, ಗಮನ ಚದುರುತ್ತದೆ, ಕಲಿತದ್ದು ನಿಲ್ಲುವುದಿಲ್ಲ. ಶಾಲೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ.

ಎಳೆಯ ಅಡಿಕೆ ಗಿಡದ ಕಾಂಡಕ್ಕೆ ಇಳಿಬಿಸಿಲು ಹೊಡೆದು ಸುಡದಂತೆ ಸೋಗೆ ಕಟ್ಟುವ ನಮ್ಮ ಕೃಷಿಕರು ಗಿಡಕ್ಕೆ "ಗಟ್ಟಿಯಾಗು" ಎಂದು ಉಪದೇಶ ಮಾಡುವುದಿಲ್ಲ. ಅದು ಬಲಿಯುವವರೆಗೆ ನೆರಳು ಕೊಡುತ್ತಾರೆ, ಆಮೇಲೆ ಬಿಚ್ಚುತ್ತಾರೆ. ಮಕ್ಕಳ ವಿಚಾರದಲ್ಲಿ ಮಾತ್ರ ನಾವು ಉಪದೇಶದಿಂದ ಶುರು ಮಾಡುತ್ತೇವೆ.

ಕಾಸರಗೋಡಿನ ಕನ್ನಡದ ಮಗುವಿನ ದಿನವನ್ನು ಹತ್ತಿರದಿಂದ ನೋಡಿದರೆ ಅದರ ಹೊರೆ ಬೇರೆಯೇ ಬಗೆಯದು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ಹಲವು ಭಾಷೆಗಳಿಂದ ಮಗುವಿನ ತಲೆ ಕೆಡುತ್ತದೆ ಎಂಬುದು ಸುಳ್ಳು; ಮಕ್ಕಳ ಮಿದುಳು ಅಷ್ಟನ್ನು ಸಲೀಸಾಗಿ ಹಿಡಿಯುತ್ತದೆ. ನೋವು ಬರುವುದು ಅವಮಾನದಿಂದ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾಗಿ, ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕುಳಿತ ಸುದ್ದಿಗಳನ್ನು ಇಲ್ಲಿನವರೆಲ್ಲ ಓದಿದ್ದಾರೆ. ಪಾಠ ಅರ್ಥವಾಗದ ಹತ್ತು ವರ್ಷದ ಮಗು ಆಡಳಿತದ ಲೋಪವನ್ನು ಗುರುತಿಸುವುದಿಲ್ಲ. ತಾನೇ ದಡ್ಡ ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನ ಒಳಗೆ ಕೂತುಬಿಡುವ ಮೊದಲು ಯಾರಾದರೂ ಬಾಯಿಬಿಟ್ಟು ಹೇಳಬೇಕು: ಇದು ನಿನ್ನ ತಪ್ಪಲ್ಲ, ಇದನ್ನು ಸರಿಪಡಿಸುವುದು ದೊಡ್ಡವರಾದ ನಮ್ಮ ಕೆಲಸ. ಹಾಗೆ ಹೇಳಿದವರು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎದ್ದುನಿಂತು ಮಾತಾಡಲೂಬೇಕು. ದೊಡ್ಡವರು ತೆಗೆಯಬಹುದಾದ ಕಲ್ಲನ್ನು ತೆಗೆಯದೆ, ಮಗುವಿಗೆ ಸಹನೆಯ ಪಾಠ ಹೇಳುವುದನ್ನು ನಾನು ಒಪ್ಪಲಾರೆ.

ಹತ್ತನೆಯ ತರಗತಿಯ ಬಳಿಕ ಇನ್ನೊಂದು ತಿರುವು ಬರುತ್ತದೆ. ಅಲ್ಲಿಯವರೆಗೆ ಕನ್ನಡದಲ್ಲಿ ಓದಿ ಎಲ್ಲ ವಿಷಯಗಳಲ್ಲೂ ಒಳ್ಳೆಯ ದರ್ಜೆ ಪಡೆದ ಹುಡುಗಿ ಪ್ಲಸ್ ವನ್ನಿಗೆ ಹೋದಾಗ ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ಹರಟೆ ಮಲಯಾಳದಲ್ಲಿ. ಇನ್ನು ಕೆಲವರು ಗಡಿ ದಾಟಿ ಮಂಗಳೂರಿನ ಹಾಸ್ಟೆಲು ಸೇರುತ್ತಾರೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕುಸಿದಾಗ ಮನೆಯವರು "ಮೊಬೈಲಿನ ಚಾಳಿ" ಎಂದುಬಿಡುತ್ತಾರೆ. ಜೂನ್‌ನಿಂದ ದಸರೆಯವರೆಗಿನ ಆ ನಾಲ್ಕು ತಿಂಗಳು ಅಂಕದ ಮಾತು ಬದಿಗಿಟ್ಟು, ಊಟಕ್ಕೆ ಯಾರ ಜೊತೆ ಕೂರುತ್ತೀ ಎಂದು ಕೇಳಿ ನೋಡಿ. ಆ ಒಂದು ಪ್ರಶ್ನೆಯಿಂದ ತಿಳಿಯುವಷ್ಟು ಪ್ರಗತಿಪತ್ರದಿಂದ ತಿಳಿಯುವುದಿಲ್ಲ.

ಕೊರೊನಾ ಲಾಕ್‌ಡೌನಿನ 2020ರ ಮಾರ್ಚಿನಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯ ದಾರಿ ಮುಚ್ಚಿ, ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕುಟುಂಬಗಳು ಪಟ್ಟ ಪಾಡನ್ನು ಆ ಮನೆಗಳ ಮಕ್ಕಳು ನೋಡಿದ್ದಾರೆ. ಆ ವರ್ಷ ಒಂದನೆಯ ತರಗತಿಗೆ ಸೇರಿದವರು ಶಾಲೆಯ ಮೊದಲ ಪಾಠಗಳನ್ನು ಟಿವಿಯ ಮುಂದೆ, ಮೊಬೈಲಿನ ಮುಂದೆ ಕಲಿತರು. ಜಗಳವಾಡಿ ರಾಜಿಯಾಗುವ, ಸರದಿ ಕಾಯುವ, ಸೋತು ನಗುವ ಅಭ್ಯಾಸಕ್ಕೆ ಬೇಕಾದ ಅಂಗಳ ಅವರಿಗೆ ಸಿಗಲಿಲ್ಲ. ಹದಿಹರೆಯಕ್ಕೆ ಕಾಲಿಡುವ ಈ ಮಕ್ಕಳಲ್ಲಿ ಕೆಲವರು ಗೆಳೆತನದಲ್ಲಿ ತಡವರಿಸಿದರೆ ಅದನ್ನು ಸೊಕ್ಕು ಎಂದುಕೊಳ್ಳುವ ಮುನ್ನ ಇದನ್ನು ನೆನೆಯಬೇಕು.

ಇನ್ನು ಮಾತಿನ ವಿಚಾರ. ಮಗು ನೋವು ಹೇಳಿದೊಡನೆ ನಾವು ಪರಿಹಾರಕ್ಕೆ ಹಾರುತ್ತೇವೆ, ಇಲ್ಲವೇ ಹೋಲಿಸುತ್ತೇವೆ: ನಾವು ಐದು ಮೈಲಿ ನಡೆದು ಶಾಲೆಗೆ ಹೋಗಿದ್ದೆವು, ನಿನಗೇನು ಕಮ್ಮಿ? ಮಗು ಅಲ್ಲಿಗೇ ಮಾತು ನಿಲ್ಲಿಸುತ್ತದೆ. ಭಾವನೆಗೆ ಹೆಸರಿಟ್ಟರೆ ಅದರ ಬಿಸಿ ಸ್ವಲ್ಪ ಇಳಿಯುತ್ತದೆ ಎಂಬುದನ್ನು ಮಿದುಳಿನ ಚಿತ್ರಗಳ ಮೂಲಕ ಸಂಶೋಧಕರು ತೋರಿಸಿದ್ದಾರೆ. ಭಯದ ಸುಳಿವು ಹಿಡಿಯುವ ಭಾಗದ ಚಟುವಟಿಕೆ ಆಗ ತಗ್ಗುತ್ತದೆ. ಸೋದರಮಾವ ಮತ್ತು ಎಂಟು ವರ್ಷದ ಅಳಿಯನ ನಡುವೆ ಅದು ಹೀಗಿರಬಹುದು.

"ಮಾವ, ನಾನು ನಾಳೆಯಿಂದ ಶಾಲೆಗೆ ಹೋಗುವುದಿಲ್ಲ."

"ಹೌದಾ? ಏನೋ ಆಗಿರಬೇಕು. ಕೂತುಕೋ."

"ಏನೂ ಆಗಲಿಲ್ಲ."

"ಸರಿ. ಹೇಳಬೇಕು ಅನ್ನಿಸಿದಾಗ ಹೇಳು. ನಾನು ಅಡಿಕೆ ಸುಲಿಯುತ್ತಾ ಇಲ್ಲೇ ಇರುತ್ತೇನೆ."

ಸ್ವಲ್ಪ ಹೊತ್ತಿನ ಬಳಿಕ: "ನಾನು ಓದುವಾಗ ಎಲ್ಲರೂ ನಗುತ್ತಾರೆ."

"ಎಲ್ಲರ ಎದುರು ಹಾಗಾದರೆ ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ ಅಲ್ಲವಾ?"

"ಸಿಟ್ಟೇ ಜಾಸ್ತಿ."

ಮಾವ ಇಲ್ಲಿ ಏನನ್ನೂ ಬಗೆಹರಿಸಿಲ್ಲ. ಆದರೂ ಅರ್ಧ ಕೆಲಸ ಆಗಿದೆ. ಕೈಯಲ್ಲಿ ಅಡಿಕೆ, ಕಣ್ಣು ಬೇರೆಡೆ; ಮುಖಕ್ಕೆ ಮುಖ ಕೊಟ್ಟು ವಿಚಾರಣೆ ಮಾಡಿದರೆ ಬಾಯಿ ಬಿಡದ ಮಕ್ಕಳು, ಅದರಲ್ಲೂ ಹುಡುಗರು, ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಗೆ ಎಲ್ಲವನ್ನೂ ಹೇಳುತ್ತಾರೆ. ಅಪ್ಪ ದುಬೈಯಲ್ಲಿದ್ದರೂ ಇದು ಸಾಧ್ಯ. ವೀಡಿಯೊ ಕರೆಯಲ್ಲಿ "ಓದಿದೆಯಾ, ಉಂಡೆಯಾ" ಎಂಬ ಎರಡು ಪ್ರಶ್ನೆಗಳಿಗೆ ಬದಲು, ಇವತ್ತು ನನ್ನ ಕೆಲಸದಲ್ಲಿ ಹೀಗಾಯಿತು ಎಂದು ತನ್ನ ದಿನವನ್ನು ಹೇಳಿಕೊಳ್ಳುವ ಅಪ್ಪನಿಗೆ ಮಗುವೂ ತನ್ನ ದಿನವನ್ನು ಹೇಳುತ್ತದೆ. ದಿನಾ ಒಂದೇ ಹೊತ್ತಿಗೆ ಬರುವ ಹತ್ತು ನಿಮಿಷದ ಕರೆ, ಎಂದೋ ಒಮ್ಮೆ ಬರುವ ಒಂದು ಗಂಟೆಯ ಕರೆಗಿಂತ ಮೇಲು.

ಯಾವಾಗಲೂ ಶಾಂತವಾಗಿರಲು ಯಾರಿಂದಲೂ ಆಗದು. ಬೀಡಿ ಕಟ್ಟಿ, ಹಟ್ಟಿ ನೋಡಿ, ಅತ್ತೆಯ ಮದ್ದು ಮಾತ್ರೆ ನೋಡಿ ಹೈರಾಣಾದ ತಾಯಿ ಒಂದು ದಿನ ಕಿರುಚಿಬಿಡುತ್ತಾಳೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಟ್ರಾನಿಕ್ 1970ರ ದಶಕದಿಂದ ತಾಯಿ-ಕೂಸುಗಳನ್ನು ಗಮನಿಸುತ್ತ ಬಂದವರು. ಒಳ್ಳೆಯ ಸಂಬಂಧವಿರುವ ಜೋಡಿಗಳು ಕೂಡ ಒಟ್ಟು ಸಮಯದ ಮೂರನೆಯ ಒಂದು ಪಾಲಿನಷ್ಟು ಹೊತ್ತು ಮಾತ್ರ ಸರಿಯಾಗಿ ಹೊಂದಿಕೊಂಡಿರುತ್ತವೆ, ಉಳಿದ ಸಮಯವೆಲ್ಲ ತಪ್ಪುವುದು ಮತ್ತು ಸರಿಪಡಿಸಿಕೊಳ್ಳುವುದರಲ್ಲಿ ಹೋಗುತ್ತದೆ ಎಂದು ಅವರು ಕಂಡುಕೊಂಡರು. ಸರಿಪಡಿಸಿಕೊಳ್ಳುವುದೇ ಮುಖ್ಯ. "ನಾನು ಆಗ ಕಿರುಚಬಾರದಿತ್ತು. ನನಗೆ ಸುಸ್ತಾಗಿತ್ತು, ತಪ್ಪು ನಿನ್ನದಲ್ಲ" ಎಂದು ಅಮ್ಮ ಹೇಳಿದಾಗ, ಮುರಿದದ್ದು ಮತ್ತೆ ಕೂಡುತ್ತದೆ ಎಂಬ ನಂಬಿಕೆ ಮಗುವಿನಲ್ಲಿ ಬೇರೂರುತ್ತದೆ. ಮಗುವಿನ ಮುಂದೆ ಕ್ಷಮೆ ಕೇಳಿದರೆ ಹಿರಿತನ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಹೊಡೆತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರಲ್ಲೇ ನಿಷೇಧಿಸಿದೆ, ಮನೆಯಲ್ಲೂ ಅದರಿಂದ ಯಾವ ಮಗುವೂ ಗಟ್ಟಿಯಾಗಿಲ್ಲ.

ನೆರಳು ಕೊಡುವುದೆಂದರೆ ಎಲ್ಲದರಿಂದಲೂ ತಪ್ಪಿಸುವುದು ಎಂದು ತಿಳಿಯಬಾರದು. ಸೋಮವಾರ ಬೆಳಗ್ಗೆ ಹೊಟ್ಟೆನೋವು ಎನ್ನುವ ಮಗುವನ್ನು ನೋಡಿ. ನೋವು ನಿಜ, ನಾಟಕವಲ್ಲ; ಹೆದರಿದ ಮೈಯಲ್ಲಿ ಹೊಟ್ಟೆ ನಿಜಕ್ಕೂ ನೋಯುತ್ತದೆ. ವೈದ್ಯರು ನೋಡಿ ಬೇರೆ ಕಾಯಿಲೆ ಇಲ್ಲವೆಂದ ಮೇಲೂ ಮನೆಯಲ್ಲಿ ಉಳಿಸಿಕೊಂಡರೆ ಹತ್ತು ಗಂಟೆಗೆ ನೋವು ಮಾಯವಾಗುತ್ತದೆ, ಶಾಲೆ ತಪ್ಪಿಸಿದ್ದರಿಂದ ಬಚಾವಾದೆ ಎಂದು ಮಿದುಳು ಕಲಿಯುತ್ತದೆ, ಮರುದಿನ ಭಯ ದುಪ್ಪಟ್ಟಾಗುತ್ತದೆ. ಬಲವಂತವಾಗಿ ಎಳೆದೊಯ್ದರೂ ಕೆಡುತ್ತದೆ. ಭಯದ ಕಾರಣ ಮೊದಲು ತಿಳಿಯಬೇಕು. ಅಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಮೈ ಮುಟ್ಟುತ್ತಿದ್ದರೆ ಅದನ್ನು ಆ ಕ್ಷಣವೇ ನಿಲ್ಲಿಸುವುದು ದೊಡ್ಡವರ ಹೊಣೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲೆಂದೇ ಪೋಕ್ಸೊ ಕಾಯ್ದೆ ಇದೆ. ಅಂಥದ್ದೇನೂ ಇಲ್ಲವಾದರೆ ಹಂತ ಹಂತವಾಗಿ ಹೋಗಬೇಕು: ಮೊದಲು ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್, ಆಮೇಲೆ ಮಧ್ಯಾಹ್ನದ ಊಟದವರೆಗೆ. ಪ್ರತಿ ಹಂತವನ್ನೂ ಒಬ್ಬ ಟೀಚರ್ ತಿಳಿದಿರಬೇಕು.

ನಿದ್ದೆಯನ್ನೂ ಮರೆಯಬಾರದು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ಮದ್ರಸ ಅಥವಾ ಟ್ಯೂಷನ್, ಸಂಜೆ ಇನ್ನೊಂದು ಟ್ಯೂಷನ್, ರಾತ್ರಿ ಮೊಬೈಲು ಸೇರಿದರೆ ಎಷ್ಟು ಉಳಿಯುತ್ತದೆ ಎಂದು ಮನೆಯವರು ಕೂತು ಲೆಕ್ಕ ಹಾಕಲಿ.

ಎಣ್ಮಕಜೆ, ಬೆಳ್ಳೂರು, ಪಡ್ರೆಯ ಕಡೆಯ ಮನೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸರಕಾರಿ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಪಡ್ರೆಯ ವೈದ್ಯ ಡಾ. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆಯಂಥವರು ಅಲ್ಲಿನ ಮಕ್ಕಳ ಸ್ಥಿತಿಯನ್ನು ಹೊರಗಿನ ಜಗತ್ತಿಗೆ ಕಾಣಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಹಿಡಿಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀ ಮತ್ತು ಪಂಚಾಯತುಗಳ ಬಡ್ಸ್ ಶಾಲೆಗಳು ಅಂಗವೈಕಲ್ಯವುಳ್ಳ ಮಕ್ಕಳಿಗೆ ಆಸರೆಯಾದವು. ಆದರೆ ಅಂಥ ಮಗುವಿನ ಅಕ್ಕನನ್ನೋ ತಮ್ಮನನ್ನೋ ಯಾರು ಕೇಳುತ್ತಾರೆ? ಮನೆಗೆ ಬಂದವರೆಲ್ಲ ಮಂಚದಲ್ಲಿರುವ ಮಗುವನ್ನು ವಿಚಾರಿಸಿ ಹೋಗುತ್ತಾರೆ. ಬಾಗಿಲ ಬಳಿ ನಿಂತ ಹನ್ನೊಂದರ ಹುಡುಗಿ ಚಹಾ ಕೊಡುತ್ತಾಳೆ. ಅವಳಿಗೆ ಪ್ರೀತಿ ಇದೆ, ಸಿಟ್ಟೂ ಇದೆ, ಸಿಟ್ಟು ಬಂದದ್ದಕ್ಕೆ ಅಪರಾಧ ಭಾವನೆಯೂ ಇದೆ. ತನ್ನ ಜ್ವರ, ತನ್ನ ಹುಟ್ಟುಹಬ್ಬ, ತನ್ನ ಭಯ ಇವೆಲ್ಲ ಚಿಕ್ಕ ವಿಷಯ ಎಂದು ಅವಳು ಕಲಿತುಕೊಂಡಿದ್ದಾಳೆ. ಈ ಲೇಖನದ ಮೊದಲಿಗೆ ಹೇಳಿದ ಗಟ್ಟಿ ಮಕ್ಕಳು ಅತಿ ಹೆಚ್ಚು ಸಿಗುವುದು ಇಂಥ ಮನೆಗಳಲ್ಲಿ. ಚಿಕ್ಕಮ್ಮನೋ ನೆರೆಯವರೋ ವಾರಕ್ಕೊಮ್ಮೆ ಎರಡು ಗಂಟೆ ಆ ಮಗುವನ್ನು ನೋಡಿಕೊಂಡು, ತಾಯಿ ಈ ಹುಡುಗಿಯೊಡನೆ ಮಾತ್ರ ಇರುವಂತೆ ಮಾಡಿದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ತಾಯಿಗೇ ಖಿನ್ನತೆ ಇದ್ದರೆ ಅವಳಿಗೆ ಚಿಕಿತ್ಸೆ ಕೊಡಿಸುವುದು ಮಕ್ಕಳ ಚಿಕಿತ್ಸೆಯ ಭಾಗವೇ; ತಾಯಿ ಗುಣವಾದಂತೆ ಮಕ್ಕಳ ತೊಂದರೆಯೂ ಇಳಿಯುವುದನ್ನು ಅಧ್ಯಯನಗಳು ತೋರಿಸಿವೆ.

ಮನೆಯ ಆರೈಕೆ ಎಲ್ಲಿಗೆ ಸಾಲದು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ಏಳರಲ್ಲೊಬ್ಬರಿಗೆ ಮಾನಸಿಕ ತೊಂದರೆಯಿದೆ. ದೊಡ್ಡವರಲ್ಲಿ ಕಾಣುವ ಮನೋರೋಗಗಳಲ್ಲಿ ಅರ್ಧದಷ್ಟು 18ರೊಳಗೇ ಶುರುವಾಗಿರುತ್ತವೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಹದಿಹರೆಯದವರು ಇಷ್ಟದ ಆಟ ಗೆಳೆಯರನ್ನು ತೊರೆದರೆ, ಊಟ ನಿದ್ದೆ ಬದಲಾದರೆ, ದುಃಖಕ್ಕೆ ಬದಲಾಗಿ ಸದಾ ಸಿಡುಕು ಕಂಡರೆ, ಅದು ಎರಡು ವಾರ ದಾಟಿದರೆ ತೋರಿಸಲೇಬೇಕು. ಸಾಯುವ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ. "ಬದುಕುವುದು ಬೇಡ ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದಾಗ ಮಗುವಿಗೆ ಹೊರೆ ಇಳಿಸಲು ಜಾಗ ಸಿಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ, ಅಜ್ಜನ ಮಾತ್ರೆಗಳು ಕೈಗೆ ಸಿಗುವಂತಿರುತ್ತವೆ. ಅವಕ್ಕೆ ಬೀಗ ಹಾಕುವುದರಿಂದ ಜೀವ ಉಳಿಯುತ್ತದೆ, ಏಕೆಂದರೆ ಆ ಆವೇಗ ಹಲವು ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುವಂಥದ್ದು.

ಕರೆ ಮಾಡಲು ದೇಶದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರ ಅಕ್ಟೋಬರ್ 10ರಂದು ಆರಂಭವಾಯಿತು, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಮಕ್ಕಳ ಸಹಾಯವಾಣಿ 1098. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಗದಿತ ದಿನಗಳಂದು ಸರಕಾರಿ ಆಸ್ಪತ್ರೆಗಳಿಗೆ ಬರುತ್ತದೆ; ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರಾಯಿತು. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ದೈವದ ಮುಂದೆ ಪ್ರಾರ್ಥಿಸಿ, ನೂಲು ಕಟ್ಟಿಸಿಕೊಂಡು ಬಂದವರು ಅದನ್ನು ಬಿಚ್ಚಿ ವೈದ್ಯರ ಬಳಿಗೆ ಹೋಗಬೇಕಾಗಿಲ್ಲ. ನಂಬಿಕೆ ಮನೆಗೆ ಧೈರ್ಯ ಕೊಡಲಿ, ಚಿಕಿತ್ಸೆ ತಡವಾಗದಿರಲಿ.

ಹೊರಡುವ ಹಿಂದಿನ ದಿನ ಮಗುವಿಗೆ ಸತ್ಯ ಹೇಳಿ. ಪೇಟೆಗೆ ಹೋಗೋಣ ಎಂದು ಸುಳ್ಳು ಹೇಳಿ ಕರೆದೊಯ್ದರೆ ಮುಂದಿನ ಸಲ ಅದು ಬಸ್ಸು ಹತ್ತುವುದಿಲ್ಲ. "ನಿನಗೆ ನಿದ್ದೆ ಬರುತ್ತಿಲ್ಲ, ಅದಕ್ಕೆ ಸಹಾಯ ಮಾಡುವ ಡಾಕ್ಟರ್ ಇದ್ದಾರೆ, ಸೂಜಿ ಚುಚ್ಚುವುದಿಲ್ಲ, ಮಾತಾಡುತ್ತಾರೆ" ಎಂದರೆ ಸಾಕು. ಯಾವಾಗಿಂದ ಹೀಗಾಗಿದೆ, ಎಷ್ಟು ಗಂಟೆ ನಿದ್ದೆ, ಶಾಲೆಯಲ್ಲಿ ಏನು ಬದಲಾಯಿತು ಎಂದು ಬರೆದು ಒಯ್ದರೆ ವೈದ್ಯರಿಗೆ ಅನುಕೂಲ. ಮಗುವಿಗೆ ಯಾವ ಭಾಷೆಯಲ್ಲಿ ಅಳು ಬರುತ್ತದೆಯೋ ಆ ಭಾಷೆ ಬಲ್ಲ ಒಬ್ಬರು ಜೊತೆಗಿರಲಿ, ವೈದ್ಯರ ಮಲಯಾಳವನ್ನು ಮಗುವೇ ಅಮ್ಮನಿಗೆ ಬಿಡಿಸಿ ಹೇಳಬೇಕಾದ ಸ್ಥಿತಿ ಬರಬಾರದು. ಮಾತ್ರೆ ಬರೆದುಕೊಟ್ಟರೆ ಕೇಳದೆ ನಿಲ್ಲಿಸಬೇಡಿ. ಊರಿನಲ್ಲಿ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಮಗುವನ್ನೇ ಕೇಳಿ ತೀರ್ಮಾನಿಸಿ.